ಮಾಲೇಕಲ್ಲಿನ ನೀಲಿ ಹೂವು: ವಿಷ್ಣುಕ್ರಾಂತಿ ಗುರುತು ಹಿಡಿಯೋದು ಹೇಗೆ, ಮನೇಲಿ ಬೆಳೆಸೋದು ಹೇಗೆ?

ಹೋದ ವರ್ಷ ಆಷಾಢದ ತೇರಿಗೆ ಮಾಲೇಕಲ್ಲು ತಿರುಪತಿಗೆ ಹೋಗಿದ್ವಿ. ಬೆಟ್ಟ ಹತ್ತೋಕೆ ಶುರು ಮಾಡೋ ಮುಂಚೆ ನಮ್ಮ ಚಿಕ್ಕಪ್ಪನ ಮಗ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಸಾಲಿಡಿದು ನೆಟ್ಟ ಗಿಡ, ತುಂಬಾ ನೀಲಿ ಹೂವು.

"ಅಣ್ಣ, ವಿಷ್ಣುಕ್ರಾಂತಿ ಕಣಣ್ಣ. ತೆಂಗಿನ ಮಧ್ಯೆ ಅರ್ಧ ಎಕರೆ ಹಾಕಿದೀನಿ. ಒಣಗಿಸಿ ಕೊಟ್ರೆ ಸಸಿ ಕೊಟ್ಟೋರೇ ವಾಪಸ್ ಕೊಂಡ್ಕೋತಾರಂತೆ."

ಸಸಿಗೆ ಹನ್ನೆರಡು ರೂಪಾಯಿ ಲೆಕ್ಕದಲ್ಲಿ ನಾಲ್ಕು ಸಾವಿರ ಸಸಿ. ವಾಟ್ಸಾಪ್‌ನಲ್ಲೇ ಮಾತುಕತೆ, ಫೋನ್‌ಪೇನಲ್ಲೇ ದುಡ್ಡು. ನಾನು ಏನೂ ಮಾತಾಡಲಿಲ್ಲ. ಫೋಟೋ ನೋಡಿ ಚಂದ ಇದೆ ಅನ್ನಿಸಿತು, ಅಷ್ಟೇ.

ಮಾಲೇಕಲ್ಲಿನ ಮೆಟ್ಟಿಲು ಸಾವಿರಕ್ಕೂ ಮೇಲಿವೆ. ಒಂದು ತಿರುವಿನಲ್ಲಿ ಉಸಿರು ತಗೊಳ್ಳೋಕೆ ಕೂತಾಗ ಮೆಟ್ಟಿಲ ಪಕ್ಕದ ಬಂಡೆ ಸಂದಿಯಲ್ಲಿ ಅಂಗಿ ಗುಂಡಿ ಗಾತ್ರದ ಒಂದು ನೀಲಿ ಹೂವು ಕಾಣಿಸಿತು. ನೆಲಕ್ಕೆ ಅಂಟಿಕೊಂಡ ಹಾಗೆ ನಾಲ್ಕೈದು ಸಣ್ಣ ಕಡ್ಡಿ, ಅದರ ಮೇಲೆ ಬೂದುಹಸಿರು ಎಲೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿರೋ ಗಿಡ. ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಪತ್ರೆ ಕೂಡಿಸೋವಾಗ ನಮ್ಮಜ್ಜಿ ಹೊಲದ ಬದುವಿಗೆ ಕಳಿಸಿ ತರಿಸ್ತಿದ್ದದ್ದು ಇದನ್ನೇ. "ಬೆಳಗ್ಗೇನೇ ಹೋಗ್ಲಾ, ಮಧ್ಯಾಹ್ನಕ್ಕೆ ಮುಚ್ಕತದೆ, ಆಮೇಲೆ ಹುಲ್ಲು ಯಾವ್ದು ಅದ್ಯಾವ್ದು ಗೊತ್ತಾಗಲ್ಲ" ಅನ್ನೋರು.

ತಮ್ಮನ ಮೊಬೈಲ್ ಇಸ್ಕೊಂಡು ಫೋಟೋ ಮತ್ತೆ ನೋಡಿದೆ. ಅವನ ಕೈ ಬೆರಳು ಹೂವಿನ ಪಕ್ಕದಲ್ಲಿತ್ತು. ಹೂವು ಒಂದು ರೂಪಾಯಿ ನಾಣ್ಯದಷ್ಟು ಅಗಲ! ಗಿಡ ಗುಬುರಾಗಿ, ಎಲೆ ದಪ್ಪಗೆ. ಎರಡೂ ಒಂದೇ ಗಿಡ ಆಗೋಕೆ ಸಾಧ್ಯವೇ ಇರಲಿಲ್ಲ.

ಆವತ್ತು ತೇರಿನ ದಿನ. ಅವನಿಗೆ ಹೇಳಲೋ ಬೇಡವೋ ಅಂತ ಬೆಟ್ಟ ಇಳಿಯೋವರೆಗೂ ಯೋಚನೆ ಮಾಡಿ, ಕೊನೆಗೆ ಊಟಕ್ಕೆ ಕೂತಾಗ ಹೇಳಿದೆ. ಅವನು ನಂಬಲಿಲ್ಲ. ಎರಡು ತಿಂಗಳಾದ ಮೇಲೆ ಒಣಗಿಸಿದ ಒಂದು ಚೀಲವನ್ನ ಗ್ರಂಥಿಗೆ ಅಂಗಡಿಗೆ ತಗೊಂಡು ಹೋದ. ಅಂಗಡಿಯವರು ಒಂದು ಹಿಡಿ ತೆಗೆದು ತಿರುಗಿಸಿ ನೋಡಿ, "ಇದು ಪಾರ್ಕಿನ ಗಿಡ ಅಲ್ವೇನಪ್ಪ" ಅಂತ ವಾಪಸ್ ಕೊಟ್ಟರಂತೆ. ಸಸಿ ಕೊಟ್ಟವರ ಫೋನು ಅಷ್ಟರಲ್ಲಿ ಸ್ವಿಚ್ ಆಫ್.

ಒಂದೇ ಹೆಸರಿಗೆ ನಾಲ್ಕು ಗಿಡ

ತಪ್ಪು ಪೂರ್ತಿ ಅವನದ್ದು ಅಂತ ನಾನು ಹೇಳಲ್ಲ. ಈ ಹೆಸರಿನಲ್ಲೇ ಗೊಂದಲ ಇದೆ.

ನಮ್ಮ ಬದುವಿನ ವಿಷ್ಣುಕ್ರಾಂತಿಯ ಸಸ್ಯಶಾಸ್ತ್ರೀಯ ಹೆಸರು ಇವಾಲ್ವ್ಯುಲಸ್ ಅಲ್ಸಿನಾಯ್ಡಿಸ್. ಗೆಣಸಿನ ಬಳ್ಳಿ, ಕರಾವಳಿಯ ಅಡುಂಬು ಬಳ್ಳಿ ಇವೆಲ್ಲ ಇರೋ ಕುಟುಂಬಕ್ಕೇ ಸೇರಿದ್ದು. ಆದರೆ ಕುಟುಂಬದ ಬಹುಪಾಲು ಗಿಡಗಳು ಸುತ್ತಿಕೊಂಡು ಹಬ್ಬೋ ಬಳ್ಳಿಗಳು, ಇದು ಮಾತ್ರ ಯಾವುದಕ್ಕೂ ಸುತ್ತಲ್ಲ. ಇವಾಲ್ವ್ಯುಲಸ್ ಅನ್ನೋ ಲ್ಯಾಟಿನ್ ಹೆಸರಿನ ಅರ್ಥವೂ ಅದೇ, ಸುರುಳಿ ಬಿಚ್ಚಿಕೊಂಡದ್ದು ಅಂತ. ಇದು ಬಹುವಾರ್ಷಿಕ. ಬೇಸಿಗೆಯಲ್ಲಿ ಮೇಲಿನ ಕಡ್ಡಿ ಒಣಗಿ ಸತ್ತ ಹಾಗೆ ಕಂಡರೂ ನೆಲದೊಳಗೆ ಕಟ್ಟಿಗೆಯಂಥ ಗಟ್ಟಿ ಬೇರು ಬದುಕಿರುತ್ತೆ. ಮುಂಗಾರಿನ ಮೊದಲ ಎರಡು ಹದ ಮಳೆ ಬಿದ್ದರೆ ಮತ್ತೆ ಚಿಗುರುತ್ತೆ.

ತಮ್ಮ ನೆಟ್ಟಿದ್ದು ಇದರ ಹತ್ತಿರದ ಸಂಬಂಧಿ, ಇವಾಲ್ವ್ಯುಲಸ್ ಗ್ಲೋಮೆರೇಟಸ್. ನರ್ಸರಿಗಳಲ್ಲಿ ಬ್ಲೂ ಡೇಜ್ ಅಂತ ಮಾರೋ ಅಲಂಕಾರಿಕ ಗಿಡ, ಮೂಲ ಬ್ರೆಜಿಲ್ ಕಡೆಯದು. ಪಾರ್ಕುಗಳಲ್ಲಿ, ಬಂಗಲೆಗಳ ಮುಂದೆ ಧಾರಾಳವಾಗಿ ಕಾಣುತ್ತೆ. ಕೆಲವು ನರ್ಸರಿಗಳಲ್ಲಿ ಇದಕ್ಕೇ ವಿಷ್ಣುಕ್ರಾಂತಿ ಅಂತ ಚೀಟಿ ಅಂಟಿಸಿರ್ತಾರೆ. ಚೀಟಿ ಬರೆಯೋರಿಗೆ ಮೋಸ ಮಾಡೋ ಉದ್ದೇಶ ಇರದೇ ಇರಬಹುದು, ಅವರಿಗೂ ಗೊತ್ತಿರಲ್ಲ.

ಮೂರನೆಯದು ಬೇಲಿ ಮೇಲೆ ಹಬ್ಬೋ ಶಂಖಪುಷ್ಪ, ಅಂದ್ರೆ ಗಿರಿಕರ್ಣಿಕೆ. ಇತ್ತೀಚೆಗೆ ನೀಲಿ ಟೀ ಅಂತ ಹೆಸರು ಮಾಡಿರೋದು. ಇದನ್ನೂ ಕೆಲವು ಕಡೆ ವಿಷ್ಣುಕ್ರಾಂತಿ ಅಂತಲೇ ಕರೀತಾರೆ. ಆದರೆ ಇದು ಅವರೆ, ಅಲಸಂದೆ ಜಾತಿಯ ಗಿಡ. ಹೂವು ಅವರೆ ಹೂವಿನ ಆಕಾರ, ಆಮೇಲೆ ಚಪ್ಪಟೆ ಕಾಯಿ ಬಿಡುತ್ತೆ. ಇದನ್ನ ಗುರುತಿಸೋದು ಸುಲಭ.

ನಾಲ್ಕನೆಯದೇ ದುಡ್ಡಿನ ವಿಷಯದಲ್ಲಿ ತೊಂದರೆ ಕೊಡೋದು. ಆಯುರ್ವೇದದ ಶಂಖಪುಷ್ಪಿ. ಕೇಂದ್ರ ಸರ್ಕಾರದ ಆಯುರ್ವೇದ ಫಾರ್ಮಕೋಪಿಯಾದಲ್ಲಿ ಶಂಖಪುಷ್ಪಿ ಅಂದರೆ ಕನ್ವಾಲ್ವ್ಯುಲಸ್ ಪ್ಲೂರಿಕಾಲಿಸ್ ಅನ್ನೋ ಬೇರೆ ಗಿಡ, ಉತ್ತರ ಭಾರತದಲ್ಲಿ ಹೆಚ್ಚು ಸಿಗುತ್ತೆ, ಹೂವು ಬಿಳಿ ಅಥವಾ ತಿಳಿ ಗುಲಾಬಿ. ಆದರೆ ವ್ಯಾಪಾರದಲ್ಲಿ ನಮ್ಮ ವಿಷ್ಣುಕ್ರಾಂತಿಯನ್ನೂ ಶಂಖಪುಷ್ಪಿ ಹೆಸರಲ್ಲಿ ತಗೊಳ್ಳೋರಿದ್ದಾರೆ. ಕೇರಳದಲ್ಲಿ ಗಿರಿಕರ್ಣಿಕೆಯನ್ನೇ ಆ ಹೆಸರಿಗೆ ಬಳಸ್ತಾರೆ. ಹಾಗಾಗಿ "ಶಂಖಪುಷ್ಪಿ ಬೇಕು" ಅಂತ ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳಬೇಕಾದ್ದು ರೇಟು ಅಲ್ಲ, ಯಾವ ಶಂಖಪುಷ್ಪಿ ಅನ್ನೋದು. ಸಸ್ಯಶಾಸ್ತ್ರೀಯ ಹೆಸರು ಬರಹದಲ್ಲಿ ಕೊಡಿ ಅನ್ನಿ. ಕೊಡೋಕೆ ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಹೂವಿನ ಒಳಗೆ ನೋಡಿ

ಗುರುತು ಹಿಡಿಯೋಕೆ ಬೆಳಗ್ಗೆ ಎಂಟರಿಂದ ಹತ್ತು ಗಂಟೆ ಒಳ್ಳೇ ಹೊತ್ತು. ಬಿಸಿಲೇರಿದ ಮೇಲೆ ಹೂವು ಮುದುಡುತ್ತೆ, ನಮ್ಮಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ಮಳೆಗಾಲ ಶುರುವಾದಾಗಿಂದ ಚಳಿಗಾಲದವರೆಗೂ ಹೂವು ಸಿಗುತ್ತೆ. ಕೆಂಪು ಗರಸು ಮಣ್ಣು, ಬಂಡೆ ಅಂಚು, ಮೇವಿನ ಹುಲ್ಲುಗಾವಲು, ರಾಗಿ ಹೊಲದ ಬದು, ಹೀಗೆ ಬಿಸಿಲು ಚೆನ್ನಾಗಿ ಬೀಳೋ, ನೀರು ನಿಲ್ಲದ ಜಾಗಗಳಲ್ಲಿ ಹುಡುಕಿ. ಕೆರೆ ಅಂಗಳದಲ್ಲಿ, ತೋಟದ ನೆರಳಲ್ಲಿ ಹುಡುಕಿದರೆ ಸಿಗೋದು ಕಷ್ಟ.

ಹೂವು ಸಾಮಾನ್ಯವಾಗಿ ಅರ್ಧದಿಂದ ಒಂದು ಸೆಂಟಿಮೀಟರ್ ಅಗಲ. ತಿಳಿ ನೀಲಿ, ನಡುವೆ ಬಿಳಿ. ಬಿಡಿ ಬಿಡಿ ಎಸಳಿಲ್ಲ, ಐದು ಮೂಲೆಯ ಒಂದೇ ತಟ್ಟೆ ತರ. ಎಲೆ ಸಂದಿಯಿಂದ ದಾರದಷ್ಟು ಸಣ್ಣ ತೊಟ್ಟು ಹೊರಟು ತುದಿಯಲ್ಲಿ ಒಂದೋ ಎರಡೋ ಹೂವು ಇರುತ್ತೆ. ಈ ದಾರದಂಥ ಉದ್ದ ತೊಟ್ಟು ಮುಖ್ಯ. ಬ್ಲೂ ಡೇಜ್‌ನಲ್ಲಿ ಹೂವು ಕಡ್ಡಿಯ ತುದಿಯ ಕಡೆ ಎಲೆಗಳ ನಡುವೆಯೇ ಕೂತ ಹಾಗಿರುತ್ತೆ.

ಎಲೆ ಸಣ್ಣದು, ಉದ್ದ ಒಂದರಿಂದ ಎರಡು ಸೆಂಟಿಮೀಟರ್ ಆಸುಪಾಸು, ತೊಟ್ಟು ಇಲ್ಲವೇ ಇಲ್ಲ ಅನ್ನೋಷ್ಟು ಗಿಡ್ಡ. ಕಡ್ಡಿಗೆ ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಹತ್ತಿರುತ್ತೆ. ಎಲೆ, ಕಡ್ಡಿ ಎರಡರ ಮೇಲೂ ರೇಷ್ಮೆಯಂಥ ರೋಮ. ಬಿಸಿಲಿಗೆ ಓರೆಯಾಗಿ ಹಿಡಿದರೆ ಬೆಳ್ಳಗೆ ಮಿಂಚುತ್ತೆ.

ಇನ್ನೂ ಅನುಮಾನ ಇದ್ದರೆ ಹೂವಿನ ಒಳಗೆ ಮೊಬೈಲ್ ಝೂಮ್ ಮಾಡಿ ನೋಡಿ. ಮಧ್ಯದಲ್ಲಿ ಎರಡು ಶಲಾಕೆ, ಪ್ರತಿಯೊಂದೂ ಮತ್ತೆ ಎರಡಾಗಿ ಕವಲು. ಒಟ್ಟು ನಾಲ್ಕು ಎಳೆ ಕಾಣುತ್ತೆ. ಇವಾಲ್ವ್ಯುಲಸ್ ಕುಲದ ಗುರುತೇ ಇದು. ಕನ್ವಾಲ್ವ್ಯುಲಸ್‌ನಲ್ಲಿ ಶಲಾಕೆ ಒಂದೇ, ತುದಿಯಲ್ಲಿ ಮಾತ್ರ ಎರಡು ಸೀಳು. ಗಮನಿಸಿ, ಬ್ಲೂ ಡೇಜ್ ಕೂಡ ಇವಾಲ್ವ್ಯುಲಸ್ಸೇ, ಅದರಲ್ಲೂ ನಾಲ್ಕು ಎಳೆ ಇರುತ್ತೆ. ಅದನ್ನ ಬೇರೆ ಮಾಡೋಕೆ ಹೂವಿನ ಅಗಲ, ತೊಟ್ಟು, ಎಲೆ ದಪ್ಪ ಇವನ್ನೇ ನೋಡಬೇಕು.

ಹೊಸಬರು ಹಿತ್ತಗಣಿ ಸೊಪ್ಪನ್ನ ಇದು ಅಂದುಕೊಳ್ಳೋದೂ ಉಂಟು. ಅದರದ್ದೂ ನೀಲಿ ಹೂವು. ಆದರೆ ಅದರಲ್ಲಿ ಎರಡು ದೊಡ್ಡ ಎಸಳು ಕಿವಿ ತರ ಮೇಲೆ ನಿಂತಿರುತ್ತೆ, ಎಲೆ ಹುಲ್ಲಿನ ಹಾಗೆ ಉದ್ದ ಗೆರೆಯದು, ಕಡ್ಡಿ ಹಿಸುಕಿದರೆ ನೀರು ನೀರು.

ಆಪ್‌ಗಳ ಬಗ್ಗೆ ಒಂದು ಮಾತು. ಗೂಗಲ್ ಲೆನ್ಸ್‌ಗೆ ನಾನು ಮಾಲೇಕಲ್ಲಿನ ಗಿಡದ ಫೋಟೋ ಕೊಟ್ಟಾಗ ಮೊದಲ ಸಲ ಬ್ಲೂ ಡೇಜ್ ಅಂತಲೇ ಬಂತು. ತಪ್ಪು ನನ್ನದೇ. ಮೇಲಿಂದ ಬರೀ ಹೂವನ್ನ ತೆಗೆದಿದ್ದೆ, ಅದರ ಗಾತ್ರ ಎಷ್ಟು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆಮೇಲೆ ಪೂರ್ತಿ ಗಿಡದ್ದೊಂದು, ಪಕ್ಕದಿಂದ ತೊಟ್ಟು ಕಾಣೋ ಹಾಗೊಂದು, ಎಲೆ ಹಿಂಭಾಗದ್ದೊಂದು, ನಾಣ್ಯ ಪಕ್ಕ ಇಟ್ಟು ಹೂವಿನದ್ದೊಂದು ತೆಗೆದು ಐನ್ಯಾಚುರಲಿಸ್ಟ್‌ಗೆ ಹಾಕಿದೆ. ಅಲ್ಲಿ ಗಿಡ ಗೊತ್ತಿರೋ ಮನುಷ್ಯರು ನೋಡಿ ಹೇಳ್ತಾರೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೂ ಹಾಕಬಹುದು. ಭಾರತೀಯ ವಿಜ್ಞಾನ ಸಂಸ್ಥೆಯವರು ಕರ್ನಾಟಕದ ಸಸ್ಯಗಳ ಡಿಜಿಟಲ್ ಹರ್ಬೇರಿಯಂ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ, ಫೋಟೋ ಹೋಲಿಸಿ ನೋಡೋಕೆ ಅದು ಒಳ್ಳೇದು. ಅಪರೂಪದ ಗಿಡ ಆದರೆ ಲೊಕೇಶನ್ ಮರೆಮಾಡಿ ಹಾಕಿ.

ನಮ್ಮ ಹಾಸನ ಜಿಲ್ಲೆಯವರಿಗೆ ಇನ್ನೊಂದು ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1976ರಲ್ಲೇ ಈ ಜಿಲ್ಲೆಯ ಸಸ್ಯಗಳ ಮೇಲೆ ಪೂರ್ತಿ ಒಂದು ದೊಡ್ಡ ಪುಸ್ತಕ ಬಂದಿದೆ, 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್'. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಫಾದರ್ ಸೆಸಿಲ್ ಸಲ್ಡಾನಾ ಮತ್ತು ಅಮೆರಿಕದ ಡ್ಯಾನ್ ನಿಕೋಲ್ಸನ್ ಸಂಪಾದಿಸಿದ್ದು. ಪಶ್ಚಿಮದ ಮಲೆನಾಡಿನ ಕಾಡಿಂದ ಅರಸೀಕೆರೆಯ ಬಯಲಿನವರೆಗೆ ಒಂದೇ ಜಿಲ್ಲೆಯಲ್ಲಿ ಎಷ್ಟು ತರದ ನೆಲ ಇದೆ ನೋಡಿ, ಅದಕ್ಕೇ ಇಲ್ಲಿ ಕೆಲಸ ಮಾಡಿದ್ದು. ನಮ್ಮ ಕೆರೆ ಏರಿ, ಬೆಟ್ಟ, ಬದುಗಳನ್ನ ಅವರು ನೋಡಿದಷ್ಟು ಗಮನ ಇಟ್ಟು ನಾವೇ ನೋಡಿಲ್ಲ.

ನಾನು ಬೆಳೆಸೋಕೆ ಹೋಗಿ ಕೆಡಿಸಿದ್ದು

ಮಾಲೇಕಲ್ಲಿಂದ ಬಂದ ಮೇಲೆ ನಮ್ಮ ಬದುವಿನಲ್ಲಿ ಹುಡುಕಿದೆ. ಒಂದೂ ಇರಲಿಲ್ಲ. ಇರೋದು ಹೇಗೆ? ಮೂರು ವರ್ಷದಿಂದ ಬದುವಿನ ಹುಲ್ಲಿಗೆ ಕಳೆನಾಶಕ ಹೊಡೀತಿರೋದು ನಾನೇ. ಆಳು ಸಿಗಲ್ಲ, ಕೂಲಿ ಜಾಸ್ತಿ, ಒಂದು ಟ್ಯಾಂಕ್ ಹೊಡೆದರೆ ಮುಗೀತು ಅಂತ. ಅಜ್ಜಿ ತೀರಿಕೊಂಡು ಆರು ವರ್ಷ ಆಯ್ತು. ಗಣೇಶನ ಪತ್ರೆಯನ್ನ ಸಂತೆಯಲ್ಲಿ ಕಟ್ಟು ಕಟ್ಟಾಗಿ ಕೊಂಡು ತರ್ತಿದ್ವಿ. ಆ ಕಟ್ಟಿನಲ್ಲಿ ವಿಷ್ಣುಕ್ರಾಂತಿ ಇರ್ತಿತ್ತಾ ಅಂತ ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ.

ದೇವಸ್ಥಾನದ ಬೆಟ್ಟದಿಂದಲೋ ಅರಣ್ಯ ಇಲಾಖೆ ಜಾಗದಿಂದಲೋ ಗಿಡ ಕೀಳಬೇಡಿ. ಕಾನೂನಿನ ಮಾತು ಆಮೇಲೆ, ಮೊದಲು ಅದರಿಂದ ಪ್ರಯೋಜನವೂ ಇಲ್ಲ. ಬೇರು ಕಲ್ಲಿನ ಸಂದಿಗೆ ಇಳಿದಿರುತ್ತೆ, ಕಿತ್ತರೆ ಅರ್ಧದಲ್ಲೇ ತುಂಡಾಗುತ್ತೆ. ನಮ್ಮ ಮಾವನ ಹುಲ್ಲುಗಾವಲಿನಲ್ಲಿ ಗಿಡ ಇತ್ತು. ಅಲ್ಲಿಂದ ಬೀಜ ತಂದೆ.

ಕಾಯಿ ಮೆಣಸಿನ ಕಾಳಿಗಿಂತ ಸಣ್ಣದು, ಗುಂಡಗೆ. ಹಣ್ಣಾದಾಗ ಕಂದು ಬಣ್ಣಕ್ಕೆ ತಿರುಗಿ ನಾಲ್ಕು ಭಾಗವಾಗಿ ಒಡೆಯುತ್ತೆ. ಒಳಗೆ ಹೆಚ್ಚೆಂದರೆ ನಾಲ್ಕು ಬೀಜ. ಒಡೆಯೋಕೆ ಮುಂಚೆ, ಕಂದು ತಿರುಗಿದ ಕಾಯಿಯನ್ನೇ ಬಿಡಿಸಿ ಪೇಪರ್ ಕವರಿಗೆ ಹಾಕ್ಕೊಳ್ಳಿ. ಪ್ಲಾಸ್ಟಿಕ್ ಕವರ್ ಬೇಡ, ಬೂಸ್ಟು ಬರುತ್ತೆ. ಒಂದು ಗಿಡದಿಂದ ಎಲ್ಲಾ ಕಾಯಿ ಬಿಡಿಸಬೇಡಿ, ಹತ್ತಾರು ಗಿಡದಿಂದ ಸ್ವಲ್ಪ ಸ್ವಲ್ಪ ತಗೊಳ್ಳಿ.

ಮೊದಲನೇ ಸಲ ಬೀಜವನ್ನ ಹಾಗೇ ಚೆಲ್ಲಿದೆ. ಒಂದು ತಿಂಗಳು ಕಾದರೂ ಒಂದೂ ಬರಲಿಲ್ಲ. ಈ ಕುಟುಂಬದ ಬೀಜಕ್ಕೆ ಸಿಪ್ಪೆ ಗಟ್ಟಿ, ನೀರನ್ನ ಒಳಗೆ ಬಿಡಲ್ಲ. ಬಯಲಿನಲ್ಲಿ ಬಿಸಿಲು, ಮಳೆ, ಮಣ್ಣಿನ ತಿಕ್ಕಾಟದಲ್ಲಿ ನಿಧಾನಕ್ಕೆ ಸವೆದು ಬೇರೆ ಬೇರೆ ಸಮಯದಲ್ಲಿ ಮೊಳೀತವೆ. ಮಳೆ ನಂಬೋಕಾಗದ ಸೀಮೆಯ ಗಿಡಕ್ಕೆ ಎಲ್ಲಾ ಬೀಜ ಒಟ್ಟಿಗೇ ಮೊಳೆತರೆ ಉಳಿಗಾಲ ಇಲ್ಲ. ಆದರೆ ಕುಂಡದಲ್ಲಿ ಬೆಳೆಸೋ ನಮಗೆ ಅಷ್ಟು ತಾಳ್ಮೆ ಎಲ್ಲಿ? ಎರಡನೇ ಸಲ ಮರಳು ಕಾಗದದ ಎರಡು ತುಂಡಿನ ನಡುವೆ ಬೀಜ ಇಟ್ಟು ಹಗುರವಾಗಿ ನಾಲ್ಕೈದು ಸಲ ತಿಕ್ಕಿದೆ, ರಾತ್ರಿ ನೀರಲ್ಲಿ ನೆನೆಹಾಕಿದೆ. ಉಬ್ಬಿದ ಬೀಜ ಮೊಳೆಯೋಕೆ ತಯಾರು ಅಂತ ಅರ್ಥ, ಉಬ್ಬದೇ ಇದ್ದದ್ದನ್ನ ಮತ್ತೆ ತಿಕ್ಕಿದೆ. ಈ ಸಲ ಒಂದಿಷ್ಟು ಬಂದವು.

ಆಮೇಲೆ ಮಾಡಿದ ತಪ್ಪು ನಮ್ಮ ತೆಂಗಿನ ಸೀಮೆಯವರೆಲ್ಲ ಮಾಡೋ ತಪ್ಪು. ಮನೇಲೇ ಇದೆಯಲ್ಲ ಅಂತ ಕುಂಡಕ್ಕೆ ತೆಂಗಿನ ನಾರಿನ ಪುಡಿ ಅರ್ಧಕ್ಕರ್ಧ ಹಾಕಿದೆ, ಜೊತೆಗೆ ಎರೆಗೊಬ್ಬರ. ಸಸಿ ಮೊದಮೊದಲು ಸೊಂಪಾಗಿ ಬಂದವು, ಅಮ್ಮನನ್ನ ಕರೆದು ತೋರಿಸಿ ಬೀಗಿದೆ. ಒಂದು ವಾರ ಜಡಿಮಳೆ ಹಿಡೀತು ನೋಡಿ, ಬುಡ ಕಪ್ಪಾಗಿ ಕೊಳೆತು ಒಂದೊಂದೇ ಮಲಗಿದವು. ನಾರಿನ ಪುಡಿ ನೀರು ಹಿಡಿದಿಟ್ಟುಕೊಳ್ಳುತ್ತೆ, ಬಂಡೆ ಸಂದಿಯ ಗಿಡಕ್ಕೆ ಅದು ಬೇಡವೇ ಬೇಡ. ಹನ್ನೊಂದು ಸಸಿಯಲ್ಲಿ ಉಳಿದದ್ದು ಎರಡು.

ಈಗ ನಾನು ಮಾಡೋದು ಹೀಗೆ. ಅಗಲ ಬಾಯಿಯ, ಒಂದು ಗೇಣು ಆಳದ ಕುಂಡ, ಕೆಳಗೆ ತೂತು ದೊಡ್ಡದಿರಬೇಕು. ತಳಕ್ಕೆ ಹೆಂಚಿನ ಚೂರು. ಎರಡು ಪಾಲು ಹೊಲದ ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು ಅಥವಾ ಗರಸು, ಗೊಬ್ಬರ ಅಂದರೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಹಿಡಿ, ಅಷ್ಟೇ. ಯೂರಿಯಾ ಹಾಕಬೇಡಿ. ಗೊಬ್ಬರ ಜಾಸ್ತಿ ಆದರೆ ಕಡ್ಡಿ ಉದ್ದ ಹೋಗುತ್ತೆ, ಹೂವು ಕಮ್ಮಿ. ಬೀಜವನ್ನ ಅದರ ಗಾತ್ರದ ಎರಡರಷ್ಟು ಆಳಕ್ಕಿಂತ ಕೆಳಗೆ ಹೂಳಬೇಡಿ. ಮೊಳೆಯೋವರೆಗೂ ಕೈಯಲ್ಲಿ ಚಿಮುಕಿಸಿ, ನಾಲ್ಕು ಎಲೆ ಬಂದ ಮೇಲೆ ಬೆರಳು ಚುಚ್ಚಿ ನೋಡಿ ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು. ದಿನಕ್ಕೆ ಕಡೇಪಕ್ಷ ಐದಾರು ಗಂಟೆ ನೇರ ಬಿಸಿಲು ಬೇಕು. ತಾರಸಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಳೇ ತೆಂಗಿನ ತೋಟದ ನೆರಳಲ್ಲಿ ಗಿಡ ಬದುಕಿದರೂ ಸೊರಗುತ್ತೆ.

ರೋಗ, ಹುಳದ ಕಾಟ ನನಗೆ ಅಷ್ಟಾಗಿ ಕಂಡಿಲ್ಲ. ದೊಡ್ಡ ಶತ್ರು ಅಂದರೆ ಕೋಳಿ, ಮಣ್ಣು ಕೆದಕಿ ಸಸಿ ಕೀಳ್ತವೆ. ಮೇಲೆ ಒಂದು ತಂತಿ ಬಲೆ ಮುಚ್ಚಿದರೆ ಸಾಕು. ಮಾರ್ಚ್ ಹೊತ್ತಿಗೆ ಗಿಡ ಒಣಗಿ ಕಡ್ಡಿ ಆದಾಗ ಸತ್ತಿತು ಅಂತ ಕುಂಡ ಬೋರಲು ಹಾಕಬೇಡಿ. ನಮ್ಮಮ್ಮ ಒಂದು ಕುಂಡವನ್ನ ಹಾಗೇ ಖಾಲಿ ಮಾಡಿ ಕೊತ್ತಂಬರಿ ಹಾಕಿಬಿಟ್ಟರು. ವಾರಕ್ಕೊಂದು ಸಲ ಒಂದು ಲೋಟ ನೀರು ಕೊಡ್ತಾ ಇರಿ, ಮಳೆಗೆ ಬುಡದಿಂದ ಚಿಗುರುತ್ತೆ. ಪತ್ರೆಗೆ ಬೇಕಾದಾಗ ಬುಡದಿಂದ ಎರಡು ಬೆರಳು ಬಿಟ್ಟು ಮೇಲೆ ಕತ್ತರಿಸಿ, ಬೇರು ಮುಟ್ಟಬೇಡಿ.

ಔಷಧಿ ವಿಷಯಕ್ಕೆ ನಾನು ಕೈ ಹಾಕಲ್ಲ. ನೆನಪಿನ ಶಕ್ತಿಗೆ ಒಳ್ಳೇದು ಅಂತ ಪರಂಪರೆಯಲ್ಲಿ ಹೇಳ್ತಾರೆ, ಕೇರಳದಲ್ಲಿ ಕರ್ಕಾಟಕ ಮಾಸದ ದಶಪುಷ್ಪಗಳಲ್ಲಿ ಇದೂ ಒಂದು. ಆದರೆ ಯೂಟ್ಯೂಬ್ ನೋಡಿ ಮಕ್ಕಳಿಗೆ ಪರೀಕ್ಷೆ ಟೈಮಲ್ಲಿ ಕಷಾಯ ಕುಡಿಸೋ ಕೆಲಸ ಮಾಡಬೇಡಿ. ಅದರಲ್ಲೂ ಕಳೆನಾಶಕ ಹೊಡೆದ ಬದುವಿನದ್ದನ್ನಂತೂ ಬಾಯಿಗೆ ಹತ್ತಿರ ತರಬೇಡಿ. ವೈದ್ಯರನ್ನ ಕೇಳಿ.

ಎಕರೆಗಟ್ಟಲೆ ಹಾಕೋ ಮುಂಚೆ

ಕುಂಡದಿಂದ ಹೊಲಕ್ಕೆ ಹೋಗೋ ಆಸೆ ಇರೋರಿಗೆ ನೇರವಾಗಿ ಹೇಳ್ತೀನಿ: ಕೊಳ್ಳೋರು ಯಾರು ಅಂತ ಗಟ್ಟಿ ಆಗೋವರೆಗೂ ಹತ್ತು ಕುಂಡದ ಮೇಲೆ ಹೋಗಬೇಡಿ. ಈ ಗಿಡದ ಒಣ ಮಾಲು ಹೆಚ್ಚಾಗಿ ಕಾಡು, ಬಯಲಿಂದ ಆರಿಸಿ ತಂದದ್ದು. ಆರಿಸಿ ತರೋರ ರೇಟಿಗೆ ಬೆಳೆದ ಮಾಲು ಕೊಡೋದು ಕಷ್ಟ. ಸಣ್ಣ ಬೀಜ, ಸಣ್ಣ ಗಿಡ, ಕಳೆ ತೆಗೆಯೋ ಕೂಲಿಯೇ ತಿಂದುಹಾಕುತ್ತೆ. ಗಿಡಮೂಲಿಕೆ ಯೋಜನೆಗಳ ಮಾಹಿತಿ ಕರ್ನಾಟಕ ರಾಜ್ಯ ಔಷಧಿ ಗಿಡಮೂಲಿಕೆಗಳ ಪ್ರಾಧಿಕಾರದಲ್ಲಿ ಸಿಗುತ್ತೆ. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ. ಸಸಿ ಕೊಳ್ಳೋ ಮುಂಚೆ ಹೂವಿರೋ ಒಂದು ಗಿಡ ತಗೊಂಡು ಹೋಗಿ ತೋರಿಸಿ, ಬಸ್ ಚಾರ್ಜು ಬಿಟ್ಟರೆ ಏನೂ ಖರ್ಚಿಲ್ಲ. "ವಾಪಸ್ ಕೊಂಡ್ಕೋತೀವಿ" ಅನ್ನೋರ ಹತ್ತಿರ ಸಹಿ ಮಾಡಿದ ಕರಾರು, ಜಿಎಸ್‌ಟಿ ನಂಬರ್ ಇರೋ ಬಿಲ್ಲು, ಬಿಲ್ಲಿನಲ್ಲಿ ಗಿಡದ ಪೂರ್ತಿ ಸಸ್ಯಶಾಸ್ತ್ರೀಯ ಹೆಸರು ಮೂರೂ ಕೇಳಿ. ನಮ್ಮ ತಮ್ಮನ ಹತ್ತಿರ ಇದ್ದದ್ದು ಒಂದು ವಾಯ್ಸ್ ಮೆಸೇಜ್ ಮಾತ್ರ.

ಅವನು ಆ ನಾಲ್ಕು ಸಾವಿರ ಗಿಡವನ್ನ ಟ್ರ್ಯಾಕ್ಟರ್ ಹೊಡೆದು ಮುಗಿಸ್ತೀನಿ ಅಂತಿದ್ದ, ನಾನೇ ತಡೆದೆ. ಬ್ಲೂ ಡೇಜ್ ಕಡ್ಡಿ ನೆಟ್ಟರೆ ಸುಲಭಕ್ಕೆ ಬೇರು ಬಿಡುತ್ತೆ. ಈಗ ಒಂದು ಸಾಲು ಉಳಿಸಿಕೊಂಡು ಕವರಿಗೆ ಕಡ್ಡಿ ಹಾಕಿ ಸಂತೆ ದಿನ ಮಾರ್ತಾನೆ. ದೊಡ್ಡ ದುಡ್ಡೇನಲ್ಲ, ಹೋದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ರಟ್ಟಿನ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದು ಇಟ್ಟಿದ್ದಾನೆ: "ಬ್ಲೂ ಡೇಜ್. ಅಲಂಕಾರದ ಗಿಡ. ವಿಷ್ಣುಕ್ರಾಂತಿ ಅಲ್ಲ." ಅದನ್ನ ಓದಿ ಹಾಗಾದರೆ ವಿಷ್ಣುಕ್ರಾಂತಿ ಯಾವುದು ಅಂತ ಕೇಳೋರೇ ಜಾಸ್ತಿಯಂತೆ.

ನಾನು ಬದುವಿಗೆ ಕಳೆನಾಶಕ ನಿಲ್ಲಿಸಿ ಒಂದು ಮುಂಗಾರು ಕಳೀತು. ಕುಡುಗೋಲಲ್ಲೇ ಹುಲ್ಲು ಕೊಯ್ತೀವಿ, ಹಸುವಿಗೂ ಆಯ್ತು. ತಾರಸಿಯ ಕುಂಡದ ಬೀಜವನ್ನ ತಿಕ್ಕದೇ ಹಾಗೇ ಬದುವಿಗೆ ಚೆಲ್ಲಿದೀನಿ. ಹೋದ ವಾರ ಬೆಳಗ್ಗೆ ಎಂಟೂವರೆಗೆ ಹೋಗಿ ನೋಡಿದಾಗ ಹೊನ್ನೆ ಮರದ ಬುಡದಿಂದ ನಾಲ್ಕು ಹೆಜ್ಜೆ ಆಚೆ ಮೂರು ಸಸಿ ಇದ್ದವು. ಒಂದರಲ್ಲಿ ಮೊಗ್ಗು.